ಕಾಫ್ಕಾ ಓಡುತ್ತಿದೆ, ಪರದೆ ಮಾತ್ರ ಖಾಲಿ

ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆಯ ಕಚೇರಿಗಳಲ್ಲಿ ಹೊಸಬರು ಕಾಫ್ಕಾ (ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ತಂತ್ರಾಂಶ) ಕಲಿಯುವುದು ಸಾಮಾನ್ಯವಾಗಿ ಡಾಕರ್ ಕಂಪೋಸ್ ಫೈಲಿನಲ್ಲಿ, ಅಂದರೆ ಹಲವು ಕಂಟೇನರ್‌ಗಳನ್ನು (ಪ್ರತ್ಯೇಕ ಡಬ್ಬಿಯಂತೆ ಓಡುವ ಪ್ರೋಗ್ರಾಂಗಳನ್ನು) ಒಟ್ಟಿಗೆ ಏಳಿಸುವ ಫೈಲಿನಲ್ಲಿ: ಬ್ರೋಕರ್ ಎಂಬ ಕಾಫ್ಕಾ ಸರ್ವರ್ ಒಂದು ಕಂಟೇನರ್, ಅದನ್ನು ಬ್ರೌಸರ್‌ನಲ್ಲಿ ನೋಡಲು ಕಾಫ್‌ಡ್ರಾಪ್ ಇನ್ನೊಂದು. ಎರಡೂ ಓಡುತ್ತಿರುತ್ತವೆ, ಆದರೂ ಪರದೆಗೆ ಟಾಪಿಕ್ (ಸಂದೇಶಗಳನ್ನು ವಿಂಗಡಿಸಿಡುವ ಹೆಸರುಳ್ಳ ಸಾಲು) ಒಂದೂ ಬರುವುದಿಲ್ಲ.

ಕಾಫ್ಕಾ 2011ರಲ್ಲಿ ಲಿಂಕ್ಡ್‌ಇನ್‌ನಿಂದ ಹೊರಬಂದಾಗ ಬ್ರೋಕರ್‌ಗಳ ಪಟ್ಟಿಯೂ ಕನ್ಸ್ಯೂಮರ್‌ಗಳ (ಸಂದೇಶ ಓದುವ ಪ್ರೋಗ್ರಾಂಗಳ) ಆಫ್‌ಸೆಟ್ಟೂ, ಅಂದರೆ ಎಲ್ಲಿಯವರೆಗೆ ಓದಿದೆ ಎಂಬ ಗುರುತೂ, ಝೂಕೀಪರ್ ಎಂಬ ಬೇರೆ ಸರ್ವರ್‌ನಲ್ಲಿದ್ದವು. ಹಾಗಾಗಿ ಯಾಹೂ 2015ರಲ್ಲಿ ಬಿಟ್ಟ, ಕಾಫ್ಕಾ ನೋಡಿಕೊಳ್ಳುವ ಸಲಕರಣೆ ಕಾಫ್ಕಾ ಮ್ಯಾನೇಜರ್‌ಗೆ (ಈಗಿನ ಸಿಮ್ಯಾಕ್) ಝೂಕೀಪರ್ ವಿಳಾಸ ಬೇಕೇ ಬೇಕಿತ್ತು. ಅಷ್ಟರಲ್ಲೇ ಆಫ್‌ಸೆಟ್‌ಗಳು ಕಾಫ್ಕಾದ್ದೇ ಒಂದು ಒಳ ಟಾಪಿಕ್‌ಗೆ ಸರಿಯತೊಡಗಿದ್ದವು. ಝೂಕೀಪರ್ ಮಾತ್ರ ಓದುತ್ತಿದ್ದ ಸಲಕರಣೆಗಳಿಗೆ ಹೊಸ ಕನ್ಸ್ಯೂಮರ್‌ಗಳು ಕಾಣದಾದವು. ಲಿಂಕ್ಡ್‌ಇನ್‌ನ 'ಬರೋ' (Burrow) ಎಂಬ ಸಲಕರಣೆ ಆ ಟಾಪಿಕ್ಕನ್ನೇ ಓದಿತು. ಲ್ಯಾಗ್ (ಇನ್ನೂ ಓದದೆ ಉಳಿದ ಸಂದೇಶಗಳು) ಇಷ್ಟು ದಾಟಿತೆಂದು ಕೂಗುವ ಬದಲು, ಆಫ್‌ಸೆಟ್ ಮುಂದೆ ಸಾಗುತ್ತಿದೆಯೇ ಎಂದು ನೋಡಿತು. ರಾತ್ರಿ ಪಾಳಿಯವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

2025ರ ಮಾರ್ಚ್‌ನಲ್ಲಿ ಬಂದ 4.0 ಆವೃತ್ತಿ ಝೂಕೀಪರನ್ನು ಪೂರ್ತಿ ಕಿತ್ತುಹಾಕಿತು. ಈಗಿನ ಕಾಫ್‌ಡ್ರಾಪ್, ಎಕೆಎಚ್‌ಕ್ಯೂ ಮುಂತಾದ ನೋಡುವ ಸಲಕರಣೆಗಳಿಗೆ ಬ್ರೋಕರ್ ವಿಳಾಸವೊಂದೇ ಸಾಕು. ತೊಡಕು ಶುರುವಾಗುವುದೂ ಅಲ್ಲೇ. ಮೊದಲ ಸಂಪರ್ಕದಲ್ಲಿ ಬ್ರೋಕರ್ ತನ್ನ 'ಅಡ್ವರ್ಟೈಸ್ಡ್ ಲಿಸನರ್ಸ್'ನಲ್ಲಿ ಬರೆದ ವಿಳಾಸವನ್ನು ಹೇಳುತ್ತದೆ. ಮುಂದಿನ ಮಾತೆಲ್ಲ ಆ ವಿಳಾಸಕ್ಕೆ. ಅಲ್ಲಿ ಲೋಕಲ್‌ಹೋಸ್ಟ್ ('ಈ ಯಂತ್ರವೇ') ಎಂದಿದ್ದರೆ ಕಾಫ್‌ಡ್ರಾಪ್ ಬ್ರೋಕರನ್ನು ತನ್ನ ಕಂಟೇನರಿನೊಳಗೇ ಹುಡುಕುತ್ತದೆ, ಸಿಗುವುದಿಲ್ಲ. ಎರಡು ಲಿಸನರ್ (ಬ್ರೋಕರ್ ಸಂಪರ್ಕಕ್ಕೆ ಕಾಯುವ ವಿಳಾಸ) ಇಡಿ: ಕಂಟೇನರ್‌ಗಳಿಗೆ ಕಂಪೋಸ್‌ನ ಸರ್ವಿಸ್ ಹೆಸರು ಮತ್ತು ಪೋರ್ಟ್ 29092, ಲ್ಯಾಪ್‌ಟಾಪಿಗೆ ಲೋಕಲ್‌ಹೋಸ್ಟ್ ಮತ್ತು ಪೋರ್ಟ್ 9092. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಪ್ರೋಟೋಕಾಲ್ ಮ್ಯಾಪ್‌ನಲ್ಲಿ (ಯಾವ ಲಿಸನರ್‌ಗೆ ಯಾವ ಭದ್ರತಾ ಪ್ರೋಟೋಕಾಲ್ ಎಂಬ ಪಟ್ಟಿಯಲ್ಲಿ) ಸೇರಿಸಬೇಕು; ಮರೆತರೆ ಬ್ರೋಕರ್ ಏಳುವುದೇ ಇಲ್ಲ.

ಇನ್ನೊಂದು ಕಾಟ ಜೆಎಂಎಕ್ಸ್‌ನದು (ಜಾವಾ ಪ್ರೋಗ್ರಾಂನ ಅಂಕಿಅಂಶಗಳನ್ನು ಹೊರಗಿನಿಂದ ಓದುವ ವ್ಯವಸ್ಥೆ). ಮೆಟ್ರಿಕ್ಸ್‌ಗಾಗಿ ಕಂಟೇನರಿಗೆ ಜೆಎಂಎಕ್ಸ್ ಪೋರ್ಟ್ ಎನ್ವಿರಾನ್ಮೆಂಟ್ ವೇರಿಯಬಲ್ ಆಗಿ ಕೊಟ್ಟಿರುತ್ತೀರಿ. ಆಮೇಲೆ ಡಾಕರ್ ಎಕ್ಸೆಕ್ ಮೂಲಕ ಒಳಹೊಕ್ಕು ಕಾಫ್ಕಾದ ಸ್ಕ್ರಿಪ್ಟ್‌ನಿಂದ ಟಾಪಿಕ್ ಪಟ್ಟಿ ಕೇಳಿದರೆ 'ಪೋರ್ಟ್ ಈಗಾಗಲೇ ಬಳಕೆಯಲ್ಲಿದೆ' ಎಂಬ ದೋಷ. ಆ ಸ್ಕ್ರಿಪ್ಟೂ ಅದೇ ವೇರಿಯಬಲ್ ಓದಿ, ಬ್ರೋಕರ್ ಹಿಡಿದಿರುವ ಪೋರ್ಟನ್ನೇ ತೆರೆಯಲು ಹೋಗಿರುತ್ತದೆ. ಆ ಶೆಲ್‌ನಲ್ಲಿ ಮಾತ್ರ ವೇರಿಯಬಲ್ ಅನ್‌ಸೆಟ್ ಮಾಡಿ ಓಡಿಸಿದರೆ ಆಯಿತು.

ಲಾಗ್ ಓದುವಾಗ ಗಡಿಯಾರವನ್ನೂ ನೋಡಿ. ಕಂಟೇನರ್‌ಗಳು ಸಾಮಾನ್ಯವಾಗಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ತೋರಿಸುತ್ತವೆ. ಬೆಂಗಳೂರಿನ ಬೆಳಿಗ್ಗೆ 10 ಗಂಟೆಯ ದೋಷ ಅಲ್ಲಿ 4:30ಕ್ಕೆ ದಾಖಲಾಗಿರುತ್ತದೆ.

ಕಾಫ್‌ಡ್ರಾಪ್‌ಗೆ ಸ್ವಂತ ಲಾಗಿನ್ ಇಲ್ಲ, ಆದರೆ ಟಾಪಿಕ್ ಅಳಿಸುವ ಸೌಲಭ್ಯ ಇದೆ. ಅದರ 9000ನೇ ಪೋರ್ಟನ್ನು ಹೊರಜಗತ್ತಿಗೆ ತೆರೆಯಬೇಡಿ. ಅಳಿಸುವ ಆಯ್ಕೆಯನ್ನು ಕಂಪೋಸ್ ಫೈಲಿನಲ್ಲೇ ನಿಲ್ಲಿಸಿಬಿಡಿ.