ಕೆಮ್ಮಣ್ಣಿನ ಟ್ರ್ಯಾಕಿಗೆ ಎಂಥ ಏರ್ ಫಿಲ್ಟರ್?

ಕಡಿಮೆ ಸಮಯದಲ್ಲಿ ಟ್ರ್ಯಾಕ್ ಮುಗಿಸುವ ಕಾರು ಸ್ಪರ್ಧೆಯಾದ ಆಟೊಕ್ರಾಸ್‌ಗೆಂದು ಹಳೆಯ ಎಸ್ಟೀಮನ್ನೋ ಸ್ವಿಫ್ಟನ್ನೋ ಸಿದ್ಧಪಡಿಸಲು ಕೋಲಾರದ ನಮ್ಮ ಗ್ಯಾರೇಜಿಗೆ ಬರುವ ಯುವಕರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಡಬ್ಬಿಯಿಲ್ಲದೆ ತೆರೆದೇ ಕೂರಿಸುವ, ಶಂಕುವಿನಾಕಾರದ ಕೋನ್ ಫಿಲ್ಟರನ್ನು. ಬಾನೆಟ್ ಎತ್ತಿದರೆ ಅದು ಎದ್ದು ಕಾಣುತ್ತದೆ, ಆಕ್ಸಿಲರೇಟರ್ ತುಳಿದರೆ ಸದ್ದೂ ಜೋರಾಗುತ್ತದೆ. ಆದರೆ ಅಮೆರಿಕದಲ್ಲಿ ಡಾಂಬರು ಹಾಸಿದ ಮೈದಾನಗಳಲ್ಲಿ ನಡೆಯುವ ಆಟೊಕ್ರಾಸ್‌ಗೆ ಹೊಂದುವ ಸಲಹೆಯನ್ನು ನಮ್ಮ ಮಣ್ಣಿನ ಟ್ರ್ಯಾಕಿಗೆ ಹಾಗೆಯೇ ಅನ್ವಯಿಸಿದರೆ ಅದರ ಬೆಲೆಯನ್ನು ಪಿಸ್ಟನ್ ರಿಂಗುಗಳು ತೆರಬೇಕಾಗುತ್ತದೆ.

1.3 ಲೀಟರ್‌ನ ಫೋರ್‌ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ, ಲೆಕ್ಕದ ಪ್ರಕಾರ, ನಿಮಿಷಕ್ಕೆ 3,900 ಲೀಟರ್‌ವರೆಗೆ ಗಾಳಿ ಎಳೆದುಕೊಳ್ಳಬಲ್ಲದು. ಆ ಗಾಳಿಯಲ್ಲಿರುವುದು ಗ್ರಾನೈಟ್ ಸವೆದು ಉಂಟಾದ ನಮ್ಮ ಕೆಮ್ಮಣ್ಣಿನ ದೂಳು. ಅದರೊಳಗಿನ ಸ್ಫಟಿಕದ ಕಣಗಳು ಸಾಮಾನ್ಯ ಉಕ್ಕಿಗಿಂತ ಗಡಸು. ಕಣ್ಣಿಗೆ ಕಾಣುವ ಮರಳು ಹೇಗೂ ಫಿಲ್ಟರಿನಲ್ಲಿ ನಿಲ್ಲುತ್ತದೆ. ಕೂದಲೆಳೆಗಿಂತ ಎಷ್ಟೋ ಸಣ್ಣದಾದ, 5ರಿಂದ 20 ಮೈಕ್ರಾನ್ ಗಾತ್ರದ ಕಣಗಳೇ ರಿಂಗು ಮತ್ತು ಬೋರಿನ (ಸಿಲಿಂಡರಿನ ಒಳಗೋಡೆಯ) ನಡುವಿನ ಆಯಿಲ್ ಪದರಕ್ಕೆ ಸೇರಿ ಎರಡನ್ನೂ ಉಜ್ಜುತ್ತವೆ.

ಹಾಗಾಗಿ ನನ್ನ ಮೊದಲ ಆಯ್ಕೆ ಕಾರಿನೊಂದಿಗೇ ಬಂದ ಕಂಪನಿಯ ಫಿಲ್ಟರ್ ಡಬ್ಬಿ ಮತ್ತು ಅದರೊಳಗಿನ ಪೇಪರ್ ಫಿಲ್ಟರ್. ದೂಳು ಅತಿಯಾಗಿದ್ದರೆ ಅದರ ಮುಂದೆ ತೆಳು ಫೋಮ್ ಪದರವೊಂದನ್ನು ಸೇರಿಸಬಹುದು. ಎಣ್ಣೆ ಸವರಿದ ಕಾಟನ್ ಫಿಲ್ಟರಿನಲ್ಲಿ ಗಾಳಿ ಸ್ವಲ್ಪ ಸರಾಗವಾಗಿ ಹರಿಯುವುದು ನಿಜವಾದರೂ, ಸಣ್ಣ ಕಣಗಳನ್ನು ತಡೆಯುವುದರಲ್ಲಿ ಅದು ಸಾಮಾನ್ಯವಾಗಿ ಒಳ್ಳೆಯ ಪೇಪರಿಗೆ ಸಾಟಿಯಲ್ಲ; ಎಣ್ಣೆ ಹೆಚ್ಚಾದರೆ, ಒಳಹೋಗುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರ್ ಇರುವ ಕಾರುಗಳಲ್ಲಿ ಅದರ ತಂತಿಗೆ ಅಂಟುವ ತಲೆನೋವು ಬೇರೆ.

ಫಿಲ್ಟರಿನ ಜಾತಿಗಿಂತಲೂ ದೊಡ್ಡ ವಿಷಯ ಸೀಲಿಂಗ್. ಡಬ್ಬಿಯ ಒಂದು ಕ್ಲಿಪ್ ಮುರಿದಿದ್ದರೆ, ರಬ್ಬರ್ ಹೋಸಿನ ಮಡಿಕೆಯಲ್ಲಿ ಬಿರುಕಿದ್ದರೆ, ಎಷ್ಟು ದುಬಾರಿ ಫಿಲ್ಟರ್ ಹಾಕಿದರೂ ದೂಳು ಪಕ್ಕದ ದಾರಿ ಹಿಡಿಯುತ್ತದೆ. ಇದನ್ನು ಕಂಡುಹಿಡಿಯಲು ಫಿಲ್ಟರಿನಿಂದ ಎಂಜಿನ್ ಕಡೆಗೆ ಹೋಗುವ ಪೈಪಿನ ಒಳಗೋಡೆಗೆ ಗ್ರೀಸನ್ನು ತೆಳ್ಳಗೆ ಸವರಿ ಅಭ್ಯಾಸದ ಓಟ ಮುಗಿಸಿ ಬನ್ನಿ. ಬೆರಳಿಗೆ ಗ್ರೀಸಿನೊಂದಿಗೆ ಕೆಂಪು ತರಿ ಹತ್ತಿದರೆ ಸೋರಿಕೆ ಇದೆ ಎಂದೇ ಅರ್ಥ. ಇಂಥ ಪೈಪಿರುವ ಕಾರಿನ ಥ್ರಾಟಲ್ ಬಾಡಿಯನ್ನು (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟದ ಭಾಗವನ್ನು) ತೊಳೆದು ಪ್ರಯೋಜನವಿಲ್ಲ, ಮೊದಲು ಹೋಸ್ ಬದಲಾಯಿಸಬೇಕು.

ಫಿಲ್ಟರ್ ನಿಜಕ್ಕೂ ಉಸಿರು ಕಟ್ಟಿಸುತ್ತಿದೆಯೇ ಎಂಬುದನ್ನು ಅಂದಾಜಿಗೆ ಬಿಡಬೇಕಾಗಿಲ್ಲ. ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪನ್ನು ‘ಯು’ ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧದಷ್ಟು ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಫಿಲ್ಟರ್ ಮತ್ತು ಥ್ರಾಟಲ್ ನಡುವಿನ ಪೈಪಿಗೆ ಜೋಡಿಸಿ, ಇನ್ನೊಂದನ್ನು ತೆರೆದಿಡಿ. ಪೂರ್ತಿ ಥ್ರಾಟಲಿನಲ್ಲಿ ಗರಿಷ್ಠ ವೇಗಕ್ಕೆ ಎಂಜಿನ್ ಏರಿದಾಗ ಎರಡು ಕಡೆಯ ನೀರಿನ ಮಟ್ಟಗಳ ನಡುವೆ 10 ಸೆಂಟಿಮೀಟರ್ ಅಂತರ ಬಂದರೆ, ಕಳೆದುಕೊಂಡದ್ದು ವಾತಾವರಣದ ಒತ್ತಡದ ಸುಮಾರು ಶೇ 1 ಮಾತ್ರ. ಓದುವ ಕೆಲಸ ಪಕ್ಕದಲ್ಲಿ ಕುಳಿತವರದು, ಚಾಲಕರದಲ್ಲ. ಕೋಲಾರ ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲಿರುವುದರಿಂದ ನಮ್ಮ ಗಾಳಿಯ ಒತ್ತಡ ಕರಾವಳಿಗಿಂತ ಹೇಗೂ ಸುಮಾರು ಶೇ 9ರಷ್ಟು ಕಡಿಮೆ. ಆ ನಷ್ಟವನ್ನು ಯಾವ ಫಿಲ್ಟರೂ ತುಂಬಿಕೊಡಲಾರದು.

ಫಿಲ್ಟರಿನಿಂದಾಗುವ ಆ ಶೇ 1ರ ನಷ್ಟಕ್ಕಿಂತ ಬಿಸಿ ಗಾಳಿಯ ನಷ್ಟ ದೊಡ್ಡದು. ಒಳಹೋಗುವ ಗಾಳಿಯ ಉಷ್ಣತೆ 10 ಡಿಗ್ರಿ ಏರಿದರೆ ಅದರ ಸಾಂದ್ರತೆ ಸುಮಾರು ಶೇ 3ರಷ್ಟು ಇಳಿಯುತ್ತದೆ. ರೇಡಿಯೇಟರಿನ ಹಿಂದೆ ತೆರೆದಿಟ್ಟ ಕೋನ್ ಫಿಲ್ಟರ್, ಸ್ಟಾರ್ಟ್ ಗೆರೆಯಲ್ಲಿ ಸರದಿಗೆ ಕಾಯುವಷ್ಟು ಹೊತ್ತೂ ಈ ಬಿಸಿಯನ್ನೇ ಕುಡಿಯುತ್ತಿರುತ್ತದೆ. ಹಣವಿದ್ದರೆ ಅದನ್ನು ಹೆಡ್‌ಲೈಟಿನ ಹಿಂಬದಿಯ ತಣ್ಣನೆಯ ಜಾಗದಿಂದ ಡಬ್ಬಿಗೆ ಗಾಳಿ ತರುವ ಅಗಲವಾದ ಪೈಪಿಗೆ ಖರ್ಚು ಮಾಡಿ. ಪೈಪಿನ ಬಾಯಿಯನ್ನು ಬಂಪರಿನ ಕೆಳಗೆ ಮಾತ್ರ ಇಳಿಸಬೇಡಿ. ಮಳೆ ಬಿದ್ದ ಟ್ರ್ಯಾಕಿನ ಒಂದು ಗುಂಡಿಯಿಂದ ಸಿಲಿಂಡರಿಗೆ ನೀರು ನುಗ್ಗಿದರೂ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗಬಹುದು.

ಇವುಗಳಲ್ಲಿ ಯಾವುದನ್ನು ಬದಲಿಸುವ ಮೊದಲೂ ನೀವು ಸ್ಪರ್ಧಿಸುವ ವರ್ಗದ ನಿಯಮಾವಳಿಯನ್ನು ಓದಿಕೊಳ್ಳಿ. ಫಿಲ್ಟರ್ ಮತ್ತು ಡಬ್ಬಿಯ ಬದಲಾವಣೆಗೆ ಎಲ್ಲ ವರ್ಗಗಳಲ್ಲೂ ಅನುಮತಿ ಇರುತ್ತದೆ ಎಂದುಕೊಳ್ಳುವಂತಿಲ್ಲ.