ಏಳಂಕಣದ ಮನೆಗೆ ಯಾವ ಸ್ಕೇಲು?

ಟ್ರೇನಿಂಗಿಗೆಂದು ನಮ್ಮ ಆಫೀಸಿಗೆ ಬರುವ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಪೋರ್ಟ್‌ಫೋಲಿಯೊವನ್ನು ನಾನು ಹಿಂದಿನ ಪುಟದಿಂದ ತೆರೆದು ನೋಡುತ್ತೇನೆ. ಮುಂದಿನ ಪುಟಗಳಲ್ಲಿ ಇರುವುದೆಲ್ಲ ಕಂಪ್ಯೂಟರಿನ ರೆಂಡರ್. ಸಂಜೆಯ ಆಕಾಶ, ಮಳೆ ನಿಂತು ಮಿಂಚುವ ರಸ್ತೆ, ಕಾಫಿ ಲೋಟ ಹಿಡಿದು ನಡೆಯುವ ಬಿಳಿ ಮಂದಿ. ಬಾಗಲಕೋಟೆಯಲ್ಲಿ ರಸ್ತೆ ಹಾಗೆ ಮಿಂಚಬೇಕೆಂದರೆ ಎಲ್ಲೋ ನಳದ ಪೈಪು ಒಡೆದಿರಬೇಕು. ಕೊನೆಯ ಪುಟಗಳಲ್ಲಿ ಮೊದಲ ವರ್ಷ ಕೈಯಿಂದ ಬರೆದ ಚಿತ್ರಗಳನ್ನು ನಾಚಿಕೊಂಡು ಸಣ್ಣದಾಗಿ ಹಾಕಿರುತ್ತಾರೆ. ಹುಡುಗರ ಕಣ್ಣು ಎಲ್ಲಿ ನಿಲ್ಲುತ್ತದೆ ಅನ್ನುವುದು ನನಗೆ ಅಲ್ಲಿ ಸಿಗುತ್ತದೆ.

ಐದು ವರ್ಷದ ಬಿ.ಆರ್ಕ್‌ನಲ್ಲಿ ಒಂದು ಸೆಮಿಸ್ಟರ್ ಹೀಗೆ ಆಫೀಸಿನಲ್ಲಿ ಕಳೆಯಬೇಕು. ಹೋದ ವರ್ಷ ಬಂದ ಹುಡುಗಿಯ ಕೊನೆಯ ಪುಟದಲ್ಲಿ ಒಂದು ಮನೆಯ ಪ್ಲಾನ್ ಇತ್ತು. ಗೆರೆಗಳು ಸೊಟ್ಟ, ಅಳತೆ ಒಂದೂ ಇಲ್ಲ, ಉತ್ತರ ದಿಕ್ಕಿನ ಬಾಣವೂ ಇಲ್ಲ. ಆದರೆ ಒಂದು ಮೂಲೆಯಲ್ಲಿ ‘ಇಲ್ಲಿ ತೊಟ್ಟಿಲ’, ಇನ್ನೊಂದು ಕಡೆ ‘ಇಲ್ಲಿ ಎಮ್ಮಿ’, ಬಾಗಿಲ ಹತ್ತಿರ ‘ಸಂಜಿಮುಂದ ಇಲ್ಲಿ ಕುಂದರತಿದ್ವಿ’ ಎಂದು ಬರೆದಿತ್ತು.

“ಇದು ಯಾವ ಸ್ಕೇಲವಾ?” ಅಂದೆ.

“ಸ್ಕೇಲ್ ಇಲ್ರಿ ಸರ. ನಮ್ಮ ಆಯಿ ಅಂಗಳದಾಗ ರಂಗೋಲಿ ಹಿಟ್ಟಿನಿಂದ ಹಾಕಿ ತೋರ್ಸಿದ್ದು. ನಾ ಕಾಪಿ ಮಾಡೇನಿ.”

‘ನಿಮಗೆ ನೆನಪಿರುವ ಒಂದು ಜಾಗ ಬರೆಯಿರಿ’ ಎಂದು ಮೊದಲ ಸೆಮಿಸ್ಟರಿನಲ್ಲಿ ಕೊಟ್ಟಿದ್ದರಂತೆ. ಆಕೆಗೆ ನೆನಪಿದ್ದದ್ದು ಸ್ವಂತ ನೆನಪಲ್ಲ, ಆಯಿ, ಅಂದರೆ ಅಜ್ಜಿ, ದಿನಾ ಹೇಳುತ್ತಿದ್ದ ಹಳೇ ಬಾಗಲಕೋಟೆಯ ಮನೆ. ಆಲಮಟ್ಟಿ ಹಿನ್ನೀರಿನ ಲೆಕ್ಕದಲ್ಲಿ ಆ ಓಣಿ ಹೋಯಿತು; ಮನೆಮಂದಿ ನವನಗರದ ಸೆಕ್ಟರಿಗೆ ಬಂದರು. ನವನಗರದ ಯೋಜನೆಯಲ್ಲಿ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಕೆಲಸ ಮಾಡಿದ್ದರು, ಮನೆಯೊಳಗೆ ಆಕಾಶಕ್ಕೆ ತೆರೆದ ಒಂದು ಜಾಗ ಇರಬೇಕು ಎಂದು ಜೀವನಪೂರ್ತಿ ಹೇಳಿದವರು. ಆದರೆ ಸೈಟು ಸಿಕ್ಕ ಮೇಲೆ ನಮ್ಮ ಮಂದಿ, ನಾನೂ ಸೇರಿ, ಆ ಜಾಗಕ್ಕೆ ಸ್ಲ್ಯಾಬ್ ಹಾಕಿ ಬಾಡಿಗೆಗೆ ಒಂದು ರೂಮು ಮಾಡಿಕೊಂಡೆವು.

ಆ ಮನೆ ಎಷ್ಟು ಅಡಿ ಇತ್ತು ಎಂದು ಮೊಮ್ಮಗಳು ಕೇಳಿದರೆ ಆಯಿಗೆ ಗೊತ್ತಿಲ್ಲ. “ಏಳಂಕಣದ್ದಿತ್ತು” ಅಂದಳಂತೆ, ಅದರಲ್ಲೇ ಎಲ್ಲ ಬಂತು ಅನ್ನುವ ಹಾಗೆ.

ಬಂದೂ ಇತ್ತು. ನಮ್ಮ ಕಡೆಯ ಮಾಳಿಗೆ ಮನೆಯಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಡ್ಡಿ-ಸೊಪ್ಪು, ಅದರ ಮೇಲೆ ದಪ್ಪಗೆ ಹಾಳುಮಣ್ಣು. ಕಂಬದಿಂದ ಕಂಬಕ್ಕೆ ಇರುವ ಖಾಲಿ ಜಾಗವೇ ಅಂಕಣ. ಮರಾಠಿ ಮಾತು ಓಡಾಡುವ ಬೆಳಗಾವಿ ಸೀಮೆಯಲ್ಲಿ ಇದಕ್ಕೇ ಖಣ ಅನ್ನುತ್ತಾರೆ. ಅದರ ಅಗಲವನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ, ಸಿಕ್ಕ ಕಟ್ಟಿಗೆಯ ಉದ್ದ ತೀರ್ಮಾನಿಸಿದ್ದು. ಮನೆ ದೊಡ್ಡದೋ ಸಣ್ಣದೋ ಅನ್ನುವುದನ್ನು ಗೋಡೆಯ ಉದ್ದದಿಂದ ಹೇಳದೆ, ನಡುವಿನ ಖಾಲಿಯನ್ನು ಎಣಿಸಿ ಹೇಳುವ ಲೆಕ್ಕ ಇದು. ನಾನು ಬರೆಯುತ್ತಿರುವ ಈ ಅಂಕಣಕ್ಕೂ ಅದೇ ಹೆಸರು ಅನ್ನುವುದು ನನಗೆ ಈಗ ಇದನ್ನು ಬರೆಯುವಾಗಲೇ ಹೊಳೆದದ್ದು.

ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. ಮನೆ ಬಿಚ್ಚಿದಾಗ ತೊಲೆ, ಬಾಗಿಲು, ಕಂಬ ಮಾರಿದ್ದರು. ಬಾಗಲಕೋಟೆಯಲ್ಲಿ ಆಗ ಎಲ್ಲರೂ ಅದನ್ನೇ ಮಾಡಿದರು. ಎರಡು ತೊಲೆ ಮಾತ್ರ ಸೋದರಮಾವನ ಹೊಲದ ದನದ ಕೊಟ್ಟಿಗೆ ಸೇರಿದ್ದವು. ಆಕೆ ಟೇಪ್ ಹಿಡಿದು ಹೋಗಿ ಅಳೆದಳು. ಕಂಬದ ಮೇಲೆ ಕೂರುವ ಕಚ್ಚಿನಿಂದ ಕಚ್ಚಿಗೆ 8 ಅಡಿ 2 ಇಂಚು. ಏಳಂಕಣಕ್ಕೆ ಅದನ್ನು ಹೊಂದಿಸಿದಾಗ ಆಯಿಯ ರಂಗೋಲಿ ಮನೆ ಮೊದಲ ಸಲ ಅಳತೆಗೆ ಬಂತು. ಪೋರ್ಟ್‌ಫೋಲಿಯೊದಲ್ಲಿ ಆ ಎರಡನೇ ಪ್ಲಾನ್ ಹಾಕಿರಲಿಲ್ಲ. “ಅದು ಹೋಮ್‌ವರ್ಕ್ ಅಲ್ರಿ ಸರ, ನಂದ” ಅಂದಳು. ಅವತ್ತೇ ಆಫೀಸಿನಲ್ಲಿ ಆಕೆಗೆ ಟೇಬಲ್ ಕೊಟ್ಟೆ.

ಆಕೆಯ ಎರಡನೇ ವರ್ಷದ ಪ್ರಾಜೆಕ್ಟು ಒಂದು ಬಸ್ ನಿಲ್ದಾಣ. ಹೆದ್ದಾರಿಯ ಒಂದು ಕ್ರಾಸು. ಅಲ್ಲಿ ಕಾಂಕ್ರೀಟಿನ ಶೆಲ್ಟರ್ ಮೊದಲೇ ಇದೆ, ಕೂರುವವರು ಯಾರೂ ಇಲ್ಲ. ಮಂದಿ ಇಪ್ಪತ್ತು ಹೆಜ್ಜೆ ಆಚೆ ಬೇವಿನ ಮರದ ಬುಡದಲ್ಲಿ ನಿಲ್ಲುತ್ತಾರೆ. ಆಕೆ ಒಂದು ಇಡೀ ದಿನ ಅಲ್ಲೇ ಕೂತು, ಗಂಟೆಗೊಮ್ಮೆ ನೆರಳು ಎಲ್ಲಿಗೆ ಸರಿಯಿತು, ಮಂದಿ ಎಲ್ಲಿಗೆ ಸರಿದರು ಎಂದು ಬಟರ್ ಪೇಪರ್ ಮೇಲೆ ಒಂದರ ಮೇಲೊಂದು ಬರೆದಿದ್ದಳು. ನೆರಳಿನ ಗೆರೆ, ಮಂದಿಯ ಗೆರೆ ಎರಡೂ ಒಂದೇ. ಶೆಲ್ಟರು ಪಶ್ಚಿಮಕ್ಕೆ ಬಾಯಿ ತೆರೆದಿತ್ತು. ಮಧ್ಯಾಹ್ನ ಮೂರರಿಂದ ಐದರವರೆಗೆ, ಬಸ್ಸಿಗೆ ಹೆಚ್ಚು ಜನ ಬರುವ ಹೊತ್ತಿಗೆ, ಬಿಸಿಲು ನೇರ ಬೆಂಚಿನ ಮೇಲೆ. ಹಾಗಾಗಿ ಆಕೆ ಹೊಸ ಕಟ್ಟಡ ಮಾಡಲೇ ಇಲ್ಲ. ಮರದ ಸುತ್ತ ಒಂದು ಕಟ್ಟೆ, ಪಶ್ಚಿಮಕ್ಕೆ ತೂತುಗಳಿರುವ ಒಂದು ಕಲ್ಲಿನ ಗೋಡೆ, ಅಷ್ಟೇ. ಜ್ಯೂರಿಯಲ್ಲಿ ಕೇಳಿದರಂತೆ, “ಬಿಲ್ಡಿಂಗ್ ಎಲ್ಲಿ?” ಮಾರ್ಕ್ಸ್ ಕಡಿಮೆ ಬಂತು. ಜ್ಯೂರಿಯ ಕುರ್ಚಿಯಲ್ಲಿ ನಾನಿದ್ದಿದ್ದರೆ ಬಹುಶಃ ನಾನೂ ಅದನ್ನೇ ಕೇಳುತ್ತಿದ್ದೆ.

ಹಳೇ ಕಟ್ಟಡಗಳನ್ನು ಅಳೆದು ಬರೆಯುವ ಮೆಜರ್ಡ್ ಡ್ರಾಯಿಂಗ್ ಟೂರಿನ ಹಾಳೆಗಳೂ ಹೀಗೇ. ವಿಜಯಪುರದ ಗೋಳಗುಮ್ಮಟಕ್ಕೆ ಹೋದ ಎಲ್ಲ ವಿದ್ಯಾರ್ಥಿಗಳೂ ಗುಮ್ಮಟವನ್ನೇ ಬರೆಯುತ್ತಾರೆ, ಬರೆಯಬೇಕು ಕೂಡ. ಸುಮಾರು 41 ಮೀಟರ್ ಚೌಕದ ಹಜಾರ. ಅದರ ಮೇಲೆ ಒಳಗಿನಿಂದ ಸುಮಾರು 38 ಮೀಟರ್ ಅಗಲದ ಗುಮ್ಮಟ ಕೂತಿದೆ. ನಡುವೆ ಕಂಬವಿಲ್ಲ. ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಚೌಕವನ್ನು ದುಂಡಿಗೆ ತರುವ ಆ ಲೆಕ್ಕ ನೋಡಿದರೆ ಇವತ್ತಿಗೂ ನನ್ನ ಎದೆ ಝಲ್ಲೆನ್ನುತ್ತದೆ. ಆಕೆ ಅದನ್ನು ಒಂದು ಹಾಳೆಯಲ್ಲಿ ಮುಗಿಸಿ, ಇಬ್ರಾಹಿಂ ರೋಜಾಕ್ಕೆ ಐದು ಹಾಳೆ ಖರ್ಚು ಮಾಡಿದ್ದಳು. ಅಲ್ಲಿ ಗೋರಿ ಮತ್ತು ಮಸೀದಿ ಒಂದೇ ಎತ್ತರದ ಕಟ್ಟೆಯ ಮೇಲೆ ಎದುರುಬದುರು ಕೂತಿವೆ. ಆಕೆ ಬರೆದದ್ದು ಅವೆರಡನ್ನೂ ಅಲ್ಲ, ನಡುವಿನ ಬಯಲನ್ನು. ಯಾಕೆ ಅಂದರೆ, “ಗುಮ್ಮಟದಾಗ ಎಲ್ಲಾರೂ ಒದರ್ತಾರ್ರಿ. ಇಲ್ಲೆ ಬಂದವರು ಸುಮ್ನ ಕುಂದರತಾರ” ಅಂದಳು.

ಐಹೊಳೆಯ ಲಾಡ್‌ಖಾನ್ ಗುಡಿಯಲ್ಲಿ ಇನ್ನೂ ಮಜಾ. ಲಾಡ್‌ಖಾನ್ ಅನ್ನುವವನು ಒಂದು ಕಾಲಕ್ಕೆ ಅದರಲ್ಲೇ ಸಂಸಾರ ಮಾಡಿಕೊಂಡಿದ್ದ, ಅದಕ್ಕೇ ಗುಡಿಗೆ ಆ ಹೆಸರು. ಗುಡಿಯ ಮಾಡು ಕಲ್ಲಿನದಾದರೂ ಕಟ್ಟಿಗೆ ಮನೆಯ ನೆನಪು ಬಿಟ್ಟಿಲ್ಲ. ಇಳಿಜಾರಿನ ಚಪ್ಪಡಿಗಳ ಸಂದುಗಳನ್ನು ಉದ್ದುದ್ದ ಕಲ್ಲಿನ ಪಟ್ಟಿಗಳಿಂದ ಮುಚ್ಚಿದ್ದಾರೆ, ಬಡಿಗ ಹಲಗೆಯ ಸಂದಿಗೆ ರೀಪು ಹೊಡೆದ ಹಾಗೆ. ಇವಳು ಮುಖಮಂಟಪದ ಕಕ್ಷಾಸನದ, ಅಂದರೆ ಒರಗಿ ಕೂರುವ ಕಲ್ಲಿನ ಬೆಂಚಿನ, ಇಳಿಜಾರನ್ನು ಮೊದಲು ಒರಗಿ ಕೂತು ನೋಡಿ, ಆಮೇಲೆ ಅಳೆದಿದ್ದಳು. ಪಕ್ಕದಲ್ಲಿ ಬರೆದ ಟಿಪ್ಪಣಿ: ‘ಬೆನ್ನಿಗೆ ಸರಿ. ಕಾಲೇಜಿನ ಸ್ಟೂಲ್‌ಗಿಂತ ಬೇಶ್.’

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು. ಆಕೆ ಮಾಡಿದ ಮೊದಲ ಟಾಯ್ಲೆಟ್ ಡ್ರಾಯಿಂಗಿನಲ್ಲಿ ನೀರು ಹೋಗಲಿಕ್ಕೆ ಇಳಿಜಾರೇ ಇರಲಿಲ್ಲ. ಮೆಟ್ಟಿಲ ಕೆಳಗೆ ಬಾಗಿಲು ಇಟ್ಟಿದ್ದಳು, ತಲೆ ತಗಲುತ್ತಿತ್ತು. ಎರೆಭೂಮಿಯಲ್ಲಿ ಎರಡು ಅಡಿ ಪಾಯಾ ತೋರಿಸಿದ್ದಳು. ಕರಿಮಣ್ಣು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲೆ ಕೂತ ಗೋಡೆಯೂ ಜೊತೆಗೇ ಬಿರಿಯುತ್ತದೆ. ಗಟ್ಟಿ ಪದರು ಸಿಗುವವರೆಗೆ ಕೆಳಗೆ ಹೋಗಬೇಕು, ಇಲ್ಲವೆಂದರೆ ಬುಡ ಅಗಲಿಸಿದ ಪೈಲ್, ಅಂದರೆ ನೆಲದೊಳಗಿನ ಕಂಬ, ಇಳಿಸಬೇಕು. ಮಂದಿ ಎಲ್ಲಿ ಕೂರುತ್ತಾರೆ ಅನ್ನುವುದು ಆಕೆಗೆ ಚೆನ್ನಾಗಿ ಕಾಣುತ್ತದೆ. ನೀರು ಎಲ್ಲಿ ಕೂರುತ್ತದೆ ಅನ್ನುವುದು ಇನ್ನೂ ಕಾಣಬೇಕು. ಅದನ್ನು ಕಲಿಸಲಿಕ್ಕೇ ತಾನೇ ನಮ್ಮಂಥ ಆಫೀಸುಗಳು ಇರುವುದು.

ಆದರೆ ನನಗೆ ಕಾಣದ್ದನ್ನು ಆಕೆ ಒಂದು ಮಧ್ಯಾಹ್ನ ತೋರಿಸಿದಳು. ಎಂಟು ವರ್ಷದ ಹಿಂದೆ ನವನಗರದಲ್ಲಿ ನಿವೃತ್ತ ಮಾಸ್ತರ ದಂಪತಿಗೆ ನಾನೊಂದು ಮನೆ ಮಾಡಿದ್ದೆ. ಡ್ರಾಯಿಂಗ್ ರೂಮು 14 ಅಡಿಗೆ 18, ಡಬಲ್ ಹೈಟ್, ರಸ್ತೆ ಕಡೆ ಪೂರ್ತಿ ಗಾಜು. ರಸ್ತೆ ಪಶ್ಚಿಮಕ್ಕಿತ್ತು. ಎಲಿವೇಶನ್ ಚಂದ ಬಂತು ಎಂದು ಓಣಿಯೆಲ್ಲ ಹೇಳಿತು. ಏಪ್ರಿಲ್‌ನಲ್ಲಿ ಒಂದು ಬಿರುಕು ನೋಡಲು ಕರೆದರೆಂದು ಇವಳನ್ನೂ ಕರೆದುಕೊಂಡು ಹೋದೆ. ಗಾಜಿಗೆ ಎರಡೆರಡು ಪರದೆ, ಸೋಫಾದ ಮೇಲೆ ಹಳೇ ಚಾದರ. ಗಂಡ-ಹೆಂಡತಿ ಅಡುಗೆಮನೆಗೂ ಮೆಟ್ಟಿಲಿಗೂ ನಡುವಿನ ಸಂದಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಚುರುಮರಿ ತಿನ್ನುತ್ತಿದ್ದರು. “ಇಲ್ಲೇ ತಂಪೈತ್ರಿ ಸಾಹೇಬ್ರ. ನೀವ ಮಾಡಿಕೊಟ್ಟ ಜಾಗ” ಎಂದರು ಮಾಸ್ತರು. ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ. ನಾನು ಬಿರುಕು ನೋಡುತ್ತಿದ್ದರೆ ಇವಳು ಸುಮ್ಮನೆ ಆ ಸಂದಿಯನ್ನು ಅಳೆದುಕೊಂಡಳು. 4 ಅಡಿ 6 ಇಂಚು ಅಗಲ, 7 ಅಡಿ ಉದ್ದ. ಬಚ್ಚಲ ಡಕ್ಟಿನಿಂದ ಗಾಳಿ. ನನ್ನ ಡ್ರಾಯಿಂಗಿನಲ್ಲಿ ಅದಕ್ಕೆ ಹೆಸರೂ ಇರಲಿಲ್ಲ.

ಗುಳೇದಗುಡ್ಡದ ಕೆಲಸ ಬಂದದ್ದು ಅದಾದ ಮೇಲೆ. ಖಣ, ಇಲ್ಲಿ ಕುಪ್ಪಸದ ಬಟ್ಟೆ, ನೇಯುವ ಒಬ್ಬರ ಮನೆಗೆ ಹಿಂದೆ ಒಂದು ಮಗ್ಗದ ಕೋಣೆ. ಸಣ್ಣ ಕೆಲಸ, ಫೀ ಕೇಳಲಿಕ್ಕೂ ಸಂಕೋಚ. “ನೀನ ಮಾಡವಾ” ಎಂದು ಆಕೆಗೇ ಕೊಟ್ಟೆ.

ಕುಣಿಮಗ್ಗದಲ್ಲಿ ನೇಕಾರ ನೆಲದ ಮಟ್ಟಕ್ಕೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟಿರುತ್ತಾನೆ. ಕಾಲು ತುಳಿಯುತ್ತದೆ, ಕೈ ಲಾಳಿ ಓಡಿಸುತ್ತದೆ. ಹಾಗೆ ಕೂತವನ ಕಣ್ಣು ನೆಲದಿಂದ ಎರಡೂವರೆ ಅಡಿ ಮೇಲೆ. ನಾವು ಎಲ್ಲ ಮನೆಗೂ ಇಡುವ ಕಿಟಕಿಯ ಸಿಲ್ (ಕೆಳಗಿನ ಅಂಚು) 3 ಅಡಿ, ಅಂದರೆ 900 ಮಿ.ಮೀ. ಬೆಳಕು ಅವನ ತಲೆ ಮೇಲಿಂದ ಹಾದು ಎದುರು ಗೋಡೆಗೆ ಬೀಳುತ್ತದೆ, ಹಾಸಿನ ಎಳೆಗಳ ಮೇಲೆ ಕತ್ತಲು. ಆದ್ದರಿಂದ ಹಗಲಲ್ಲೂ ತಲೆ ಮೇಲೊಂದು ಬಲ್ಬು. ಇದು ಆಕೆಗೆ ಗೊತ್ತಾದದ್ದು ಹೇಗೆ ಎಂದರೆ, ಮಗ್ಗದ ಮೇಲೆ ಕೂತು ಫೋಟೊ ತೆಗೆದದ್ದರಿಂದ. ಫೋಟೊದಲ್ಲಿ ಕಿಟಕಿ ಬಂದಿತ್ತು, ಅದರಲ್ಲಿ ಆಕಾಶ ಮಾತ್ರ ಇತ್ತು.

ಸಿಲ್ಲನ್ನು 1 ಅಡಿಗೆ ಇಳಿಸಿದಳು, ಉತ್ತರಕ್ಕೆ ಇಟ್ಟಳು. ಉತ್ತರದ ಕಿಟಕಿಗೆ ಬಿಸಿಲೇ ಬೀಳುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದಳು. ಇಲ್ಲಿ ನಾನು ನಡುವೆ ಬರಬೇಕಾಯಿತು. ನಡುಮಧ್ಯಾಹ್ನದ ಮಟ್ಟಿಗೆ ಆ ಮಾತು ನಮಗಿಂತ ಬಹಳ ಉತ್ತರಕ್ಕಿರುವ ದೇಶಗಳಿಗೆ ಸರಿ. ನಾವಿರುವುದು 16 ಡಿಗ್ರಿ ಅಕ್ಷಾಂಶದ ಆಸುಪಾಸು. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಅದು ದೊಡ್ಡ ತೊಂದರೆಯಲ್ಲ, ಅಷ್ಟು ಎತ್ತರದ ಬಿಸಿಲನ್ನು ಒಂದು ಅಡಿ ಛಜ್ಜೆ ತಡೆಯುತ್ತದೆ. ಬೆಳಿಗ್ಗೆ, ಸಂಜೆ ಓರೆಯಾಗಿ ಒಳಗೆ ಬರುವ ಬಿಸಿಲಿಗೆ ಛಜ್ಜೆ ಸಾಲದು. ಕಿಟಕಿಯ ಎರಡೂ ಬದಿಗೆ ನಿಂತ ಚಪ್ಪಡಿ ಬೇಕು. ಬಿಸಿಲು, ಬಿಸಿಗಾಳಿ ಎಳೆಗೆ ಬಡಿದರೆ ಎಳೆ ಒಣಗಿ ಹರಿಯುತ್ತದೆ ಎಂದು ನೇಕಾರರೂ ಹೇಳಿದರು. ಚಪ್ಪಡಿ ಬಂತು.

ಇಷ್ಟು ಕೆಳಗೆ ಕಿಟಕಿ ಇಟ್ಟರೆ ಮಳೆ ಸಿಡಿಯುತ್ತದೆ, ಹಾವು-ಚೇಳು ಬರುತ್ತವೆ ಅಂದೆ. ಅದಕ್ಕೆ ಆಕೆ ಹೊರಗೆ ಕಿಟಕಿಯುದ್ದಕ್ಕೂ ಪರ್ಸಿ ಹಾಸಿದ ಕಟ್ಟೆ ಕಟ್ಟಿ, ಕಿಟಕಿಗೆ ಸಣ್ಣ ಜಾಲರಿ ಹಾಕಿದಳು. ಸಿಡಿಯುವ ನೀರನ್ನು ಕಟ್ಟೆ ತಡೆಯುತ್ತದೆ. ಅದರ ಮೇಲೆ ನೆರೆಮನೆಯವರು ಬಂದು ಕೂತರೆ, ಕುಣಿಯಲ್ಲಿ ಕೂತವರ ಮುಖವೂ ಅವರ ಮುಖವೂ ಹೆಚ್ಚುಕಡಿಮೆ ಮಾತಿಗೆ ಸಿಗುವಷ್ಟು ಎತ್ತರಕ್ಕೆ ಬರುತ್ತದೆ. ದಿನವಿಡೀ ಒಬ್ಬರೇ ಕೂತು ನೇಯುವ ಕೆಲಸ ಅದು. ಸೆಕ್ಷನ್‌ನಲ್ಲಿ, ಅಂದರೆ ಕೋಣೆಯನ್ನು ಸೀಳಿ ತೋರಿಸುವ ಚಿತ್ರದಲ್ಲಿ, ಆಕೆ ಆ ಇಬ್ಬರನ್ನೂ ಬರೆದಿದ್ದಳು, ನಡುವೆ ಒಂದು ಚಹಾದ ಬಸಿ. ಕಾಫಿ ಲೋಟದ ಬಿಳಿ ಮನುಷ್ಯ ಆ ಹಾಳೆಯಲ್ಲಿ ಇರಲಿಲ್ಲ.

ಡ್ರಾಯಿಂಗ್ ನಾನು ಸಹಿ ಹಾಕಿ ಕಳಿಸಿದೆ. ಹದಿನೈದು ದಿನಕ್ಕೆ ನಾವಿಬ್ಬರೂ ಸೈಟಿಗೆ ಹೋದರೆ ಗೋಡೆ ಎದ್ದಿದೆ, ಕಿಟಕಿ ಸಿಲ್ 3 ಅಡಿಗೆ ಕೂತಿದೆ. ಹುಡುಗಿ ಮುಖ ಸಣ್ಣದು ಮಾಡಿಕೊಂಡಳು. ನಾನು ಗೌಂಡಿಯ ಮೇಲೆ ಏರಿಹೋದೆ. ಆತ ಸಾವಕಾಶ ಕಿಸೆಯಿಂದ ಮಡಚಿದ ಡ್ರಾಯಿಂಗ್ ತೆಗೆದು, ಸೆಕ್ಷನ್ ಬಿಟ್ಟು, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಸಾಲಿನ ಮೇಲೆ ಬೆರಳಿಟ್ಟ. ‘ಎಲ್ಲ ಕಿಟಕಿಗಳ ಸಿಲ್ 900 ಮಿ.ಮೀ.’ ನಮ್ಮ ಆಫೀಸಿನ ಎಲ್ಲ ಡ್ರಾಯಿಂಗಿನ ಮೇಲೂ ಇಪ್ಪತ್ತು ವರ್ಷದಿಂದ ತಾನಾಗಿಯೇ ಬರುವ ಸಾಲು ಅದು. ಬರೆಸಿದವನು ನಾನು.

ಹುಡುಗಿ ಏನೂ ವಾದ ಮಾಡಲಿಲ್ಲ. “ಕಾಕಾ, ಒಂದ ಸಲ ಇಲ್ಲೆ ಇಳಿದು ಕುಂದರ್ರಿ” ಎಂದು ಆಗಲೇ ತೋಡಿದ್ದ ಕುಣಿಯನ್ನು ತೋರಿಸಿದಳು. ಗೌಂಡಿ ಚಪ್ಪಲಿ ಬಿಟ್ಟು, ಅಂಚಿಗೆ ಕೂತು, ಕಾಲು ಇಳಿಬಿಟ್ಟ. ಕಿಟಕಿ ಕಡೆ ನೋಡಿದ. ಕತ್ತು ಎತ್ತಿ ಇನ್ನೊಮ್ಮೆ ನೋಡಿದ. ಬ್ಲಾಕಿನ ಸಾಲುಗಳನ್ನು ಕೆಳಗಿನಿಂದ ಬೆರಳಲ್ಲಿ ಎಣಿಸಿ ನನ್ನ ಕಡೆ ತಿರುಗಿದ.

“ಮೂರು ವರಸಿ ಬಿಚ್ಚಬೇಕ್ರಿ ಸಾಹೇಬ್ರ. ಖರ್ಚು ಯಾರ ಹೆಸರ್ಲೆ ಬರೀಲಿ?”