ಮದುವೆಗೆ ಯಾರ ಅಪ್ಪಣೆ? ಚೀನಾದ 75 ವರ್ಷಗಳ ಕಥೆ

ಚೀನಾದಲ್ಲಿ ಮನೆಯವರು ಒಪ್ಪದ ಮದುವೆಗೆ ಹೊರಟ ಹುಡುಗ ಹುಡುಗಿಯರಿಗೆ ಮೊನ್ನೆಮೊನ್ನೆವರೆಗೂ ಒಂದು ದೊಡ್ಡ ತಲೆನೋವಿತ್ತು. ಅಪ್ಪ ಅಮ್ಮನ ಬೀರುವಿನಿಂದ ಹುಕೌ ಪುಸ್ತಕವನ್ನು ಹೇಗಾದರೂ ಎತ್ತಿಕೊಂಡು ಬರಬೇಕಿತ್ತು. ಮನೆಮಂದಿಯ ಹೆಸರು, ಊರು ಎಲ್ಲ ಬರೆದಿರುವ ಸರ್ಕಾರಿ ಪುಸ್ತಕ ಅದು. ಅದಿಲ್ಲದೆ ಮದುವೆ ನೋಂದಣಿ ಆಗುತ್ತಿರಲಿಲ್ಲ. ಹಾಗಾಗಿ ಸಂಬಂಧ ಇಷ್ಟವಾಗದ ಹೆತ್ತವರು ಪುಸ್ತಕವನ್ನೇ ಬಚ್ಚಿಡುತ್ತಿದ್ದರು. 2025ರ ಮೇ 10ರಿಂದ ಆ ಪುಸ್ತಕ ಬೇಡವಾಗಿದೆ. ಇಬ್ಬರ ಗುರುತಿನ ಚೀಟಿ, ಒಂದು ಘೋಷಣೆಗೆ ಸಹಿ, ಇಷ್ಟಿದ್ದರೆ ದೇಶದ ಯಾವ ಊರಿನಲ್ಲಾದರೂ ಮದುವೆ ನೋಂದಾಯಿಸಬಹುದು.

ಇಲ್ಲಿಗೆ ಬರಲು ಎಷ್ಟು ವರ್ಷ ಬೇಕಾಯಿತು ನೋಡಿ.

1943ರಲ್ಲಿ, ಗಾನ್ಸು ಪ್ರಾಂತ್ಯದಲ್ಲಿ ಕಮ್ಯುನಿಸ್ಟರ ಹಿಡಿತದಲ್ಲಿದ್ದ ಒಂದು ಹಳ್ಳಿಯಲ್ಲಿ ಫಂಗ್ ಪಂಗರ್ ಎಂಬ ಹುಡುಗಿಯಿದ್ದಳು. ಚಿಕ್ಕಂದಿನಲ್ಲೇ ಅವಳನ್ನು ಒಬ್ಬ ಹುಡುಗನಿಗೆ ಗೊತ್ತು ಮಾಡಿದ್ದರು. ಆಮೇಲೆ ಜಾಸ್ತಿ ತೆರ ಸಿಗುತ್ತದೆಂದು ಅಪ್ಪ ಮಾತು ತಪ್ಪಿ, ಅವಳನ್ನು ಬೇರೆ ಕಡೆ ಕೊಡಲು ಹೊರಟ. ಹುಡುಗನ ಅಪ್ಪ ಸುಮ್ಮನಿರಲಿಲ್ಲ. ರಾತ್ರೋರಾತ್ರಿ ಜನ ಕಟ್ಟಿಕೊಂಡು ಹೋಗಿ ಹುಡುಗಿಯನ್ನು ಎತ್ತಿಕೊಂಡು ಬಂದು ಮಗನಿಗೆ ಮದುವೆ ಮಾಡಿದ. ಕೆಳಗಿನ ಕೋರ್ಟು ಮದುವೆಯನ್ನೇ ರದ್ದು ಮಾಡಿತು. ಹುಡುಗಿ ಬಿಡಲಿಲ್ಲ. ನಡೆದುಕೊಂಡೇ ಹೋಗಿ ಮಾ ಶೀವು ಎಂಬ ನ್ಯಾಯಾಧೀಶರಿಗೆ ದೂರು ಕೊಟ್ಟಳು. ಅವರು ಊರವರ ಎದುರಿನಲ್ಲೇ ವಿಚಾರಣೆ ನಡೆಸಿ, ನಿನಗೆ ಯಾರು ಬೇಕು ಎಂದು ಅವಳನ್ನೇ ಕೇಳಿದರು. ಅವಳು ಆ ಹುಡುಗನೇ ಬೇಕು ಎಂದಳು. ಮದುವೆ ಉಳಿಯಿತು. ಎತ್ತಿಕೊಂಡು ಬಂದವರಿಗೆ ಶಿಕ್ಷೆಯಾಯಿತು, ತೆರಕ್ಕಾಗಿ ಮಗಳನ್ನು ಮಾರಹೊರಟ ಅಪ್ಪನಿಗೂ ದಂಡನೆಯಾಯಿತು. ಹುಡುಗಿಯನ್ನೇ ಕೇಳಬೇಕು ಅನ್ನುವುದು ಆ ಕಾಲದಲ್ಲಿ ಎಂಥ ಹೊಸ ಮಾತು ಅಲ್ವಾ?

ಆ ಮಾತು 1950ರ ಮೇ 1ರಂದು ಇಡೀ ದೇಶದ ಕಾನೂನಾಯಿತು. ಕಮ್ಯುನಿಸ್ಟರ ಹೊಸ ಸರ್ಕಾರ ಬಂದು ಏಳೇ ತಿಂಗಳಾಗಿತ್ತು. ಭೂಸುಧಾರಣೆಯ ಕಾನೂನಿಗಿಂತಲೂ ಮೊದಲು ಮದುವೆ ಕಾನೂನು ಬಂತು. ಬಲವಂತದ ಮದುವೆ, ಬಾಲ್ಯದ ನಿಶ್ಚಿತಾರ್ಥ, ಉಪಪತ್ನಿಯರನ್ನು ಇಟ್ಟುಕೊಳ್ಳುವುದು, ಮದುವೆಯ ನೆಪದಲ್ಲಿ ಹಣ ಕೀಳುವುದು ಎಲ್ಲಕ್ಕೂ ನಿಷೇಧ. ವಿಧವೆಯ ಮರುಮದುವೆಯನ್ನು ಯಾರೂ ತಡೆಯುವಂತಿಲ್ಲ. ಹೆಂಗಸರಿಗೂ ವಿಚ್ಛೇದನದ ಹಕ್ಕು. ಆದರೆ ಹಳ್ಳಿಗಳಲ್ಲಿ ಇದು ರಕ್ತ ಹರಿಸಿತು. ವಿಚ್ಛೇದನ ಕೇಳಿದ ಸಾವಿರಾರು ಹೆಂಗಸರು ಕೊಲೆಯಾದರು, ಇಲ್ಲವೇ ಜೀವ ಕಳೆದುಕೊಂಡರು. 1953ರಲ್ಲಿ ಸರ್ಕಾರ ದೇಶದಾದ್ಯಂತ ಪ್ರಚಾರಕ್ಕೆ ಇಳಿಯಬೇಕಾಯಿತು.

ಅಪ್ಪನ ಹಿಡಿತ ಸಡಿಲವಾದ ಜಾಗಕ್ಕೆ ಕೆಲಸದ ಸಂಸ್ಥೆ ಬಂತು. ಚೀನೀಯರು ಅದನ್ನು ಡಾನ್‌ವೇ ಅನ್ನುತ್ತಾರೆ. ಪಟ್ಟಣಗಳಲ್ಲಿ ಕೆಲಸ, ಮನೆ, ಆಸ್ಪತ್ರೆ ಎಲ್ಲ ಅದರ ಕೈಯಲ್ಲಿತ್ತು. ಮದುವೆಗೂ ವಿಚ್ಛೇದನಕ್ಕೂ ಅದರ ಪತ್ರ ಬೇಕಿತ್ತು. ಗಂಡ ಹೆಂಡತಿಯ ಜಗಳವನ್ನು ಆಫೀಸಿನ ಮೇಲಿನವರು ಕೂತು ಬಗೆಹರಿಸುತ್ತಿದ್ದರು. 1980ರ ಕಾನೂನು, ಮನಸ್ಸು ಮುರಿದಿದ್ದರೆ ಕೋರ್ಟು ವಿಚ್ಛೇದನ ಕೊಡಬೇಕು ಎಂದಿತು. ಪತ್ರದ ಕಾಟ ತಪ್ಪಿದ್ದು ಮಾತ್ರ 2003ರ ಅಕ್ಟೋಬರ್‌ನಲ್ಲಿ. ಅಲ್ಲಿಂದ ಇಬ್ಬರೂ ಒಪ್ಪಿದರೆ ಒಂದೇ ದಿನದಲ್ಲಿ ಬೇರೆಯಾಗಬಹುದಿತ್ತು.

ಅಷ್ಟರಲ್ಲಿ ಮನೆಗಳ ಬೆಲೆ ಗಗನಕ್ಕೇರಿತ್ತು. ಮದುವೆಗೆ ಮುಂಚೆ ಹುಡುಗನ ಕಡೆಯವರು ಮನೆ ಕೊಳ್ಳುವುದು ಅಲ್ಲಿನ ರೂಢಿ. ಹುಡುಗಿಯ ಕಡೆಯವರ ದುಡ್ಡು ಒಳಗಿನ ಕೆಲಸಕ್ಕೆ, ಪೀಠೋಪಕರಣಕ್ಕೆ, ಕಾರಿಗೆ ಹೋಗುತ್ತದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ, ಹೆತ್ತವರು ಕೊಡಿಸಿ ತಮ್ಮ ಮಗುವಿನ ಹೆಸರಿಗೇ ಮಾಡಿದ ಮನೆ ಆ ಮಗುವಿಗೇ ಸೇರಿದ್ದು ಎಂದಿತು. ಕಾರು, ಸೋಫಾ ಹಳೆಯದಾಗುತ್ತವೆ, ಮನೆಯ ಬೆಲೆ ಆಗ ಏರುತ್ತಲೇ ಇತ್ತು. ಇದರಲ್ಲಿ ಹೆಂಗಸರಿಗೆ ಅನ್ಯಾಯವಾಯಿತು ಎಂದೇ ನನಗನ್ನಿಸುತ್ತದೆ. ಮನೆಯೊಳಗಿನ ಹೊಡೆತಬಡಿತದ ವಿರುದ್ಧ ಪ್ರತ್ಯೇಕ ಕಾನೂನು ಜಾರಿಗೆ ಬರಲು 2016ರವರೆಗೆ ಕಾಯಬೇಕಾಯಿತು.

2019ರಲ್ಲಿ ವಿಚ್ಛೇದನಗಳು 47 ಲಕ್ಷ ತಲುಪಿದವು. ಮದುವೆಗಳು ಇಳಿಯುತ್ತಿದ್ದವು. ಸರ್ಕಾರಕ್ಕೆ ಗಾಬರಿಯಾಯಿತು. 2021ರ ಜನವರಿ 1ರಂದು ಬಂದ ನಾಗರಿಕ ಸಂಹಿತೆ, ಇಬ್ಬರೂ ಒಪ್ಪಿ ಪಡೆಯುವ ವಿಚ್ಛೇದನಕ್ಕೆ 30 ದಿನಗಳ ಕಾಯುವ ಅವಧಿ ತಂದಿತು. ಆ ದಿನಗಳಲ್ಲಿ ಒಬ್ಬರು ಮನಸ್ಸು ಬದಲಿಸಿದರೂ ಅರ್ಜಿ ಬಿದ್ದುಹೋಗುತ್ತದೆ. ಮುಗಿದ ಮೇಲೆ ಮತ್ತೆ 30 ದಿನಗಳೊಳಗೆ ಇಬ್ಬರೂ ಬಂದು ಸಹಿ ಹಾಕಬೇಕು. ಆ ವರ್ಷ ವಿಚ್ಛೇದನ 28 ಲಕ್ಷಕ್ಕೆ ಇಳಿಯಿತು. ಮದುವೆ ಮಾತ್ರ ಏರಲಿಲ್ಲ. 2013ರಲ್ಲಿ 1 ಕೋಟಿ 34 ಲಕ್ಷ ಇದ್ದದ್ದು 2024ರಲ್ಲಿ 61 ಲಕ್ಷ.

ಹುಕೌ ಪುಸ್ತಕ ಬೇಡ ಎಂಬ ಕರಡು ನಿಯಮ 2024ರ ಆಗಸ್ಟ್‌ನಲ್ಲಿ ಹೊರಬಂದಾಗ, ಅದರಲ್ಲಿ ಈ 30 ದಿನ ಹಾಗೇ ಉಳಿದಿತ್ತು. ಒಳಗೆ ಬರುವುದು ಸುಲಭ, ಹೊರಗೆ ಹೋಗುವುದು ಕಷ್ಟ ಎಂದು ಜನ ಆನ್‌ಲೈನ್‌ನಲ್ಲಿ ಸಿಟ್ಟಾದರು. ಗಂಡ ಒಪ್ಪದಿದ್ದರೆ ಹೆಂಡತಿಗೆ ಉಳಿಯುವುದು ಕೋರ್ಟು. ಅಲ್ಲಿ ಮೊದಲ ಅರ್ಜಿ ತಿರಸ್ಕಾರವಾಗುವುದೇ ಹೆಚ್ಚು. ಆಮೇಲೆ ಒಂದು ವರ್ಷ ಬೇರೆಯಾಗಿ ಬದುಕಿ ಮತ್ತೆ ಅರ್ಜಿ ಹಾಕಿದರೆ, ಆಗ ಕೋರ್ಟು ವಿಚ್ಛೇದನ ಕೊಡಲೇಬೇಕು. ಆ ಒಂದು ವರ್ಷ ಎಲ್ಲಿರಬೇಕು, ಮಕ್ಕಳನ್ನು ಯಾರ ಹತ್ತಿರ ಬಿಡಬೇಕು ಅನ್ನುವುದನ್ನು ಅವಳೇ ನೋಡಿಕೊಳ್ಳಬೇಕು.